ಪಳವಳ್ಳಿಯ ಕಟ್ಟೆಯೂ ನಮ್ಮ ಶ್ರದ್ಧೆಯೂ

2022ನೆಯ ಇಸವಿ ಮಾರ್ಚಿ ತಿಂಗಳ 19ನೆಯ ತಾರೀಖು ಶನಿವಾರ ಬೆಳಿಗ್ಗೆ ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟಿದ್ದ ಖಾಸಗಿ ಬಸ್ಸೊಂದು ಪಳವಳ್ಳಿಯ ಕಟ್ಟೆಯ ಬಳಿ ಮಗುಚಿಬಿದ್ದುದನ್ನು ನಮ್ಮ ವಾಚಕರು ಮರೆತಿರಲಾರರು. ಅದರಲ್ಲಿದ್ದವರ ಪೈಕಿ ಬಹುಮಂದಿ ಶಾಲೆ ಕಾಲೇಜುಗಳಿಗೆ ಹೊರಟ ಮಕ್ಕಳು. ಆ ದಿನವೇ ಐವರಿಗೆ ಕಡಮೆಯಿಲ್ಲದಷ್ಟು ಜನ ಅಸುನೀಗಿದರು. ಕೈಕಾಲು ಮುರಿದುಕೊಂಡವರು ಹಲವಾರು ಮಂದಿ. ಬಸ್ಸು ತುಂಬಿ ತುಳುಕುತ್ತಿದ್ದಿತೆಂದೂ, ಒಳಗೆ ಹಿಡಿಯದ ಹುಡುಗರು ಮೇಲೆ ಏರಿ ಕುಳಿತಿದ್ದರೆಂದೂ ಆಗ ಎಲ್ಲ ಪತ್ರಿಕೆಗಳಲ್ಲಿಯೂ ವರದಿಯಾಯಿತು. ಪುಸ್ತಕದ ಚೀಲಗಳೂ ಊಟದ ಡಬ್ಬಿಗಳೂ ಇರುವ ಬಸ್ಸು ಉರುಳಿದುದೆಂದರೆ, ಒಂದು ಊರಿನ ಮುಂದಿನ ಇಪ್ಪತ್ತು ವರ್ಷಗಳೇ ಹಳ್ಳಕ್ಕೆ ಉರುಳಿದಂತೆ.

ಅಂದು ಶನಿವಾರ, ಬಸ್ಸು ಹೋಗುತ್ತಿದ್ದುದು ಶನಿಮಹಾತ್ಮನ ಊರಿಗೆ. ಇಷ್ಟು ಸಾಕಲ್ಲವೆ ನಮ್ಮ ಜನರ ನಾಲಗೆಗೆ? ಗ್ರಹಚಾರವೆಂದರು, ಹಣೆಯ ಬರಹವೆಂದರು, ದೇವರು ಮುನಿದನೆಂದರು. ಇವರ ಎದುರಿಗೆ ನಿಂತ ಮತ್ತೊಂದು ಗುಂಪಿನವರು, ನಾಲ್ಕಕ್ಷರ ಹೆಚ್ಚಾಗಿ ಕಲಿತವರು, ದೇವರಿಗೂ ಇದಕ್ಕೂ ಏನು ಸಂಬಂಧ, ಗುಡಿ ಗೋಪುರಗಳನ್ನು ನೆಚ್ಚುವ ಜನಕ್ಕೆ ಇದೇ ಗತಿ ಎಂದು ಮೂಗು ಮುರಿದರು. ಈ ಎರಡು ಮಾತುಗಳಲ್ಲಿ ಒಂದನ್ನೂ ಒಪ್ಪಲು ನಮಗೆ ಮನಸ್ಸು ಬರುವುದಿಲ್ಲ. ಮೊದಲನೆಯವರು ದೇವರ ತಲೆಯ ಮೇಲೆ ಹೊರೆ ಹೊರಿಸಿ ತಾವು ಹಗುರವಾದರು. ಎರಡನೆಯವರು ದೇವರನ್ನು ಬೈದು ತಾವು ಹಗುರವಾದರು. ಮಗುವನ್ನು ಕಳೆದುಕೊಂಡ ತಾಯಿಯ ಮನೆಯ ಬಾಗಿಲಿಗೆ ಹೋಗಿ ಹೇಳಲು ಇಬ್ಬರಲ್ಲಿಯೂ ಮಾತಿಲ್ಲ.

ಪಾವಗಡದ ಶನಿಮಹಾತ್ಮನ ಗುಡಿಗೆ ಶ್ರಾವಣ ಮಾಸದ ಶನಿವಾರಗಳಲ್ಲಿ ಕರ್ಣಾಟಕದಿಂದಲೂ ಆಂಧ್ರದಿಂದಲೂ ಬರುವ ಜನಸಂದಣಿಯನ್ನು ಕಣ್ಣಾರೆ ಕಂಡವರಿಗೆ ನಾವು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಅದೇ ಗುಡಿಯಲ್ಲಿ ಶೀತಲಾಂಬೆಯ ಸನ್ನಿಧಿಯೂ ಇರುವುದಷ್ಟೆ. ಸ್ಥಳದವರು ಹೇಳುವ ಕಥೆಯ ಪ್ರಕಾರ, ಬಹು ಹಿಂದೆ ಮಳೆ ಹೋಗಿ, ದನಕರು ಸತ್ತು, ಸೀಮೆಯೆಲ್ಲ ಬೆಂಗಾಡಾದಾಗ ಜನರೆಲ್ಲರೂ ಕೂಡಿ ಶೀತಲಾದೇವಿಯನ್ನು ಆರಾಧಿಸತೊಡಗಿದರಂತೆ. ಈ ಕಥೆಯ ಚರಿತ್ರೆಯನ್ನು ಶೋಧಿಸುವುದು ಪಂಡಿತರ ಕೆಲಸ. ನಮ್ಮ ಗಮನಕ್ಕೆ ಬರುವುದು ಇಷ್ಟು: ಆ ದೇವತೆಯು ಈ ಸೀಮೆಗೆ ಬಂದುದು ಸುಖದ ದಿನಗಳಲ್ಲಲ್ಲ. ಮಧುಗಿರಿಯ ದಂಡಿನ ಮಾರಮ್ಮನನ್ನಾಗಲಿ, 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟ ಮೇಲೆ ಬೆಂಗಳೂರು ಮೈಸೂರುಗಳಲ್ಲಿ ಎದ್ದ ಪ್ಲೇಗಿನ ಮಾರಮ್ಮನ ಗುಡಿಗಳನ್ನಾಗಲಿ ನೆನೆದರೆ ಇದೇ ತೋರುವುದು. ಅಳು ಬಂದಾಗ ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ಅತ್ತರೆ ಎದೆ ಒಡೆಯುವುದೆಂದು ತಿಳಿದ ಹಿರಿಯರು, ಎಲ್ಲರೂ ಒಂದೆಡೆ ಬಂದು ಅಳುವುದಕ್ಕೆ ಜಾಗವನ್ನು ಮಾಡಿಕೊಂಡರು. ಶನಿಯ ವಿಚಾರವಾಗಿಯೂ ನಮ್ಮ ಜನ ಒಂದನ್ನು ಮರೆಯುತ್ತಾರೆ. ಅವನನ್ನು ಪುರಾಣಗಳು ಕಂಡವರನ್ನೆಲ್ಲ ಹಿಡಿಯುವ ಪೀಡೆಯೆಂದು ಚಿತ್ರಿಸಿಲ್ಲ. ಅವರವರ ಕರ್ಮಕ್ಕೆ ತಕ್ಕ ಫಲವನ್ನು ಅಳೆದುಕೊಡುವ ನ್ಯಾಯಾಧಿಪತಿಯೆಂದು ಹೇಳಿವೆ. ಹಾಗಾದಲ್ಲಿ ಪಳವಳ್ಳಿಯ ಮೊಕದ್ದಮೆಯಲ್ಲಿ ಆ ನ್ಯಾಯಾಧಿಪತಿಯ ಎದುರಿಗೆ ಕಟಕಟೆಯಲ್ಲಿ ನಿಲ್ಲತಕ್ಕವರು ಯಾರು? ಕಾಲೇಜಿಗೆ ಹೊರಟ ಹುಡುಗಿಯಂತೂ ಅಲ್ಲ.

ಇದೇ ಪ್ರಶ್ನೆ ನಮ್ಮ ದೇಶದ ಇಬ್ಬರು ಮಹಾಪುರುಷರ ನಡುವೆಯೂ ಒಮ್ಮೆ ಎದ್ದಿತು. 1934ನೆಯ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಮಡಿದಾಗ, ಇದು ಅಸ್ಪೃಶ್ಯತೆಯೆಂಬ ನಮ್ಮ ಪಾಪಕ್ಕೆ ಬಂದ ದೈವಶಿಕ್ಷೆಯೆಂದು ಗಾಂಧೀಜಿಯವರು ನುಡಿದರು. ರವೀಂದ್ರನಾಥ ಠಾಕೂರರಿಗೆ ಈ ಮಾತು ಸ್ವಲ್ಪವೂ ಹಿಡಿಸಲಿಲ್ಲ. ಭೂಮಿಯ ಕಂಪನಕ್ಕೂ ಮನುಷ್ಯನ ನೀತಿಗೂ ಗಂಟುಹಾಕುವುದು ಯುಕ್ತವಲ್ಲವೆಂದು ಅವರು ಬರೆದರು. ಗಾಂಧೀಜಿಯವರು ಆ ಖಂಡನೆಯನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲಿಯೇ ಅಚ್ಚುಹಾಕಿಸಿ ಉತ್ತರವನ್ನೂ ಕೊಟ್ಟರು. (ತನ್ನನ್ನು ಖಂಡಿಸಿದ ಲೇಖನವನ್ನು ತನ್ನ ಪತ್ರಿಕೆಯಲ್ಲಿಯೇ ಅಚ್ಚುಹಾಕುವ ಸಂಪಾದಕರು ಈಗ ಎಷ್ಟು ಮಂದಿ ಇದ್ದೇವೆಂಬುದನ್ನು ನಾವು ಎಣಿಸಹೋಗುವುದಿಲ್ಲ.) ನಮ್ಮ ಬುದ್ಧಿಗೆ ಠಾಕೂರರ ವಾದವೇ ಸರಿಯೆಂದು ತೋರುತ್ತದೆ. ಆದರೆ ಇಬ್ಬರೂ ವಾದದಲ್ಲಿಯೇ ಕೈಕಟ್ಟಿ ಕುಳಿತವರಲ್ಲ. ಸೆರೆಯಿಂದ ಆಗತಾನೆ ಹೊರಬಂದಿದ್ದ ರಾಜೇಂದ್ರಪ್ರಸಾದರು ಪರಿಹಾರ ಸಮಿತಿಯನ್ನು ಕಟ್ಟಿದರು. ಗಾಂಧೀಜಿಯವರೂ ಬಿಹಾರಕ್ಕೆ ಹೋಗಿ ಹಳ್ಳಿಹಳ್ಳಿಗಳನ್ನು ತಿರುಗಿದರು. ಭೂಕಂಪವನ್ನು ಮನುಷ್ಯನು ತಡೆಯಲಾರನು. ಬಸ್ಸಿನ ಮೇಲಕ್ಕೆ ಹುಡುಗನು ಏರುವುದನ್ನು ತಡೆಯುವುದಕ್ಕೆ ಒಬ್ಬ ಕಂಡಕ್ಟರು ಸಾಕು. ಅವನು ಏರದೇ ಇರುವಂತೆ ಮಾಡುವುದಕ್ಕೆ ಇನ್ನೊಂದು ಬಸ್ಸು ಸಾಕು. ಆದುದರಿಂದ ಬಿಹಾರದಲ್ಲಿ ಚರ್ಚೆಗೆ ಇದ್ದಷ್ಟು ಅವಕಾಶವೂ ಪಳವಳ್ಳಿಯಲ್ಲಿ ಇಲ್ಲವೆಂದೇ ನಮ್ಮ ಅಭಿಪ್ರಾಯ.

ನಮ್ಮ ಸೀಮೆಯು ಸಾವನ್ನು ಕಂಡರಿಯದ ಸೀಮೆಯಲ್ಲ. ಧಾತು ಈಶ್ವರ ಸಂವತ್ಸರಗಳ ಬರವೆಂದು ಮುದುಕರು ಇಂದಿಗೂ ಹೆಸರಿಸುವ 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಸುಮಾರು ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡಿತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೂ ಮೇಲೆ ಇದ್ದ ಜನಸಂಖ್ಯೆಯು 1881ರಲ್ಲಿ 42 ಲಕ್ಷದ ಒಳಗೆ ಇಳಿದಿದ್ದಿತೆಂದರೆ ಊಹಿಸಿಕೊಳ್ಳಬಹುದು. ಅಷ್ಟು ದೂರವೇಕೆ? 2005ನೆಯ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯ ಕಟ್ಟಡದಲ್ಲಿ ತಂಗಿದ್ದ ಪೊಲೀಸ್ ಪಡೆಯವರನ್ನು ನಕ್ಸಲೀಯರು ರಾತ್ರಿಯ ವೇಳೆ ಮುತ್ತಿ ಕೊಂದರು. ಮಕ್ಕಳು ಅಕ್ಷರ ತಿದ್ದುವ ಸ್ಥಳದಲ್ಲಿ ರಕ್ತ ಹರಿಯಿತು. ಮಡಿದವರ ಮನೆಗಳು ಬೇರೆ ಊರುಗಳಲ್ಲಿದ್ದುವು; ಶಾಲೆಯು ಮಾತ್ರ ನಮ್ಮ ಊರಿನಲ್ಲಿ ಉಳಿಯಿತು, ಮಕ್ಕಳು ಮತ್ತೆ ಅಲ್ಲಿಯೇ ಮಣೆ ಹಾಕಿ ಕುಳಿತುಕೊಳ್ಳಬೇಕಾಯಿತು.

ಇಂಥ ಸಂದರ್ಭದಲ್ಲಿ ನಮ್ಮ ಹಿರಿಯರು ಮಾಡಿಟ್ಟಿರುವ ಕಟ್ಟಳೆಗಳು ಮೂಢವೆಂದು ತಳ್ಳತಕ್ಕವಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಬೇಯಿಸಿ ತರುತ್ತಾರೆ. ಮೂರನೆಯ ದಿನ ಹಾಲುತುಪ್ಪವೆಂದು ಹತ್ತಿರದವರು ಕೂಡುತ್ತಾರೆ. ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ, ಅವರವರ ಪದ್ಧತಿಯಂತೆ, ಊರಿನ ನಾಲ್ಕು ಜನ ಪಂಕ್ತಿಯಲ್ಲಿ ಕುಳಿತು ಉಂಡು, ಸೂತಕದ ಮನೆಯನ್ನು ಮತ್ತೆ ಊರಿಗೆ ಸೇರಿಸಿಕೊಳ್ಳುತ್ತಾರೆ. ದುಃಖಿಯಾದವನು ಊಟವನ್ನು ಕೇಳಲಾರನೆಂಬುದನ್ನು ಬಲ್ಲ ಸಮಾಜವು ಈ ನಿಯಮಗಳನ್ನು ಮಾಡಿತು. ಶಿರಾ, ಮಧುಗಿರಿ, ಪಾವಗಡಗಳ ಎಷ್ಟೋ ಗ್ರಾಮಗಳಲ್ಲಿ ಬಾಬಯ್ಯನ ಹಬ್ಬವೆಂದು ಕರೆಯುವ ಮೊಹರಮ್ಮಿನಲ್ಲಿ ಹಿಂದೂಗಳು ಹರಕೆ ಹೊತ್ತು ಸಕ್ಕರೆ ಓದಿಸಿ, ಕೆಂಡದ ಗುಂಡಿಯ ಸುತ್ತ ಹೆಜ್ಜೆ ಹಾಕುವುದನ್ನು ಯಾರು ಕಂಡಿಲ್ಲ? ಕ್ರಿಸ್ತಶಕ 680ರಲ್ಲಿ ಕರ್ಬಲಾ ಎಂಬ ದೂರದ ಬಯಲಿನಲ್ಲಿ ನೀರಿಲ್ಲದೆ ಮಡಿದವರಿಗಾಗಿ, ಅರಬ್ಬೀ ಭಾಷೆಯ ಒಂದಕ್ಷರವನ್ನೂ ಅರಿಯದ ನಮ್ಮ ಒಕ್ಕಲಮಗನು ಇಂದಿಗೂ ಮರುಗುತ್ತಾನೆ. ನೀರಿಲ್ಲದ ಸಂಕಟವನ್ನು ಪಾವಗಡದವನಿಗೆ ಹೊರಗಿನವರು ಬಂದು ತಿಳಿಸಬೇಕಾಗಿಲ್ಲ ನೋಡಿ.

ಇಷ್ಟು ಹೃದಯವಂತರಾದ ನಾವು, ಅದೇ 2022ರಲ್ಲಿ, ಪಳವಳ್ಳಿಯ ದುರಂತವಾದ ಐದು ತಿಂಗಳ ತರುವಾಯ, ಶಿರಾ ತಾಲ್ಲೂಕಿನಲ್ಲಿ ಏನು ಮಾಡಿದೆವು? ಆಗಸ್ಟು 25ನೆಯ ತಾರೀಖು ಗುರುವಾರ, ಇನ್ನೂ ಬೆಳಕು ಹರಿಯುವ ಮೊದಲು, ಕಳ್ಳಂಬೆಳ್ಳದ ಹತ್ತಿರ ರಾಷ್ಟ್ರೀಯ ಹೆದ್ದಾರಿಯ ಮೇಲೆ ಕೂಲಿಕಾರರನ್ನು ಕಿಕ್ಕಿರಿದು ತುಂಬಿಕೊಂಡು ಬರುತ್ತಿದ್ದ ಸಣ್ಣ ವಾಹನಕ್ಕೂ ಲಾರಿಗೂ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟ ಬಡವರು ಅವರು. ಪ್ರಧಾನಮಂತ್ರಿಗಳ ನಿಧಿಯಿಂದ ತಲೆಗೆ 2 ಲಕ್ಷ ರೂಪಾಯಿಗಳ ಪರಿಹಾರವನ್ನು ಸಾರಿದರು. ಶವಗಳು ಊರಿಗೆ ಹೋದುವು, ರಸ್ತೆಯನ್ನು ತೊಳೆದರು, ವಾಹನಗಳು ಓಡಾಡಿದುವು. ಪಳವಳ್ಳಿಯ ಹೆಸರು ಹೇಳಿದರೆ ಇಂದಿಗೂ ನಿಟ್ಟುಸಿರು ಬಿಡುವ ನಮ್ಮ ಪೇಟೆಯ ಜನಕ್ಕೆ ಈ ಒಂಬತ್ತು ಜನರ ನೆನಪೇ ಇದ್ದಂತಿಲ್ಲ. ಏಕೆಂದರೆ ಅವರು ನಮ್ಮವರಲ್ಲ. ನಮ್ಮ ನೆಲದ ಮೇಲೆ ಪ್ರಾಣ ಬಿಟ್ಟವರೂ ನಮ್ಮವರಲ್ಲದಿದ್ದರೆ, ಕರ್ಬಲಾದಲ್ಲಿ ಬಿಟ್ಟವರು ನಮ್ಮವರಾದುದು ಹೇಗೆ? ಪಾವಗಡ ಮಧುಗಿರಿಗಳಿಂದ ಮಳೆ ಹೋದ ವರ್ಷ ಗಂಟುಮೂಟೆ ಕಟ್ಟಿಕೊಂಡು ಇದೇ ಬೆಂಗಳೂರಿಗೆ ಹೋಗುವ ಸಾವಿರಾರು ಸಂಸಾರಗಳು ಯಾವ ವಾಹನದಲ್ಲಿ, ಎಷ್ಟು ಜನದ ನಡುವೆ, ಯಾವ ಹೊತ್ತಿನಲ್ಲಿ ಪ್ರಯಾಣಮಾಡುತ್ತವೆಂಬುದನ್ನು ನಮ್ಮ ವಾಚಕರು ಬಲ್ಲರು. ಅವರು ಬೇರೊಂದು ತಾಲ್ಲೂಕಿನ ರಸ್ತೆಯಲ್ಲಿ ಬಿದ್ದಾಗ ಅಲ್ಲಿಯವರು ಯಾರೆಂದು ಕೇಳಿ ನೀರು ಕೊಡಬೇಕೆ?

ಪಾಠಶಾಲೆಯಲ್ಲಿ ನಮಗೆ ಮೊದಲು ಕಲಿಸಿದ ಮಾತುಗಳಲ್ಲಿ ಒಂದು, ಶ್ರದ್ಧೆಯಿಂದ ಮಾಡುವುದಕ್ಕೆ ಶ್ರಾದ್ಧವೆಂದು ಹೆಸರು ಎಂಬುದು. ಆಗ ಅದು ವ್ಯಾಕರಣದ ಪಾಠವೆಂದು ಬಾಯಿಪಾಠಮಾಡಿದೆವು. ಐವತ್ತು ದಾಟಿದ ಮೇಲೆ ಅದರ ಅರ್ಥವು ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತಿದೆ. ಹದಿಮೂರನೆಯ ದಿನಕ್ಕೆ ನಮ್ಮ ಕಟ್ಟಳೆ ಮುಗಿಯುತ್ತದೆ. ಆದರೆ ಮೋಟಾರು ಅಪಘಾತದಲ್ಲಿ ಮಡಿದವನ ಮನೆಗೆ ಹದಿನಾಲ್ಕನೆಯ ದಿನದಿಂದ ನಿಜವಾದ ಅಲೆದಾಟ ಮೊದಲಾಗುತ್ತದೆ. ಪೊಲೀಸರ ವರದಿಯ ನಕಲು, ಮರಣೋತ್ತರ ಪರೀಕ್ಷೆಯ ಕಾಗದ, ವಂಶವೃಕ್ಷ, ವರಮಾನದ ದಾಖಲೆ, ವಕೀಲರ ಫೀಜು, ಪರಿಹಾರದ ನ್ಯಾಯಮಂಡಳಿಯ ವಾಯಿದೆಗಳು. ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಹಾಕಬೇಕೆಂದು 2019ರ ತಿದ್ದುಪಡಿಯು ವಿಧಿಸಿದೆ. ಅದು 2022ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಹೆಬ್ಬೆಟ್ಟಿನ ತಾಯಿಗೆ ಇದನ್ನು ತಿಳಿಸುವವರು ಯಾರು? ಹಿಂದಿನವರು ಅನ್ನವನ್ನು ಬೇಯಿಸಿ ತಂದಂತೆ ಇಂದಿನವರು ಅರ್ಜಿಯನ್ನು ಬರೆದು ತರಬೇಕು. ನಮ್ಮ ಊರಿನ ವಕೀಲ ಮಹಾಶಯರಲ್ಲಿ ಒಬ್ಬಿಬ್ಬರು ಫೀಜಿಲ್ಲದೆ ಇಂಥ ಒಂದೊಂದು ಮೊಕದ್ದಮೆಯನ್ನು ನಡೆಸಿದರೆ, ತಾಲ್ಲೂಕು ಕಚೇರಿಯ ಗುಮಾಸ್ತರು ಸಾವಿನ ಮನೆಯವರನ್ನು ನಾಳೆ ಬಾ ಎನ್ನದೆ ಒಂದೇ ದಿನ ಕಾಗದವನ್ನು ಕೊಟ್ಟರೆ, ಅದಕ್ಕಿಂತ ಮೇಲಾದ ಪಿಂಡಪ್ರದಾನವನ್ನು ನಾವು ಅರಿಯೆವು.

ಗಾಯಾಳುವನ್ನು ಮುಟ್ಟಿದರೆ ಪೊಲೀಸು ಠಾಣೆಗೆ ಅಲೆಯಬೇಕಾದೀತೆಂಬ ಭಯವು ಇನ್ನೂ ನಮ್ಮ ಪೇಟೆಯ ಜನರಲ್ಲಿ ಉಳಿದಿದೆ. ಗಾಯಗೊಂಡವನನ್ನು ಸದುದ್ದೇಶದಿಂದ ಆಸ್ಪತ್ರೆಗೆ ಸಾಗಿಸಿದವನ ಮೇಲೆ ಯಾವ ಮೊಕದ್ದಮೆಯನ್ನೂ ಹೂಡಕೂಡದೆಂದೂ, ಅವನ ಹೆಸರು ವಿಳಾಸಗಳನ್ನು ಬಲವಂತದಿಂದ ಕೇಳಕೂಡದೆಂದೂ ಮೋಟಾರು ವಾಹನಗಳ ಕಾನೂನೇ ಈಗ ರಕ್ಷಣೆಯನ್ನು ಕೊಟ್ಟಿದೆ. ಪಾವಗಡದಿಂದ ತುಮಕೂರಿನ ದೊಡ್ಡ ಆಸ್ಪತ್ರೆಗೆ ಸುಮಾರು 100 ಕಿಲೋಮೀಟರು ದಾರಿ. ಅಂಥ ಕಡೆ ಮೊದಲು ಬಂದ ಬೈಸಿಕಲ್ಲಿನವನೂ ಟ್ರಾಕ್ಟರಿನವನೂ ವೈದ್ಯನಿಗೆ ಸಮಾನರು. ರಕ್ತವನ್ನು ಹೇಗೆ ಕಟ್ಟಿ ನಿಲ್ಲಿಸಬೇಕೆಂಬುದನ್ನು ಹೈಸ್ಕೂಲಿನ ಹುಡುಗರಿಗೆ ಎರಡು ದಿನ ಕಲಿಸಿದರೆ ಯಾವ ಪಾಠಕ್ಕೂ ನಷ್ಟವಾಗದು.

ಧರ್ಮಸಂಸ್ಥೆಗಳು ಇಂಥ ಕೆಲಸಕ್ಕೆ ಕೈಹಾಕಬಾರದೆನ್ನುವವರು ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮವನ್ನು ನೋಡಿಬರಲಿ. ಸ್ವಾಮಿ ಜಪಾನಂದಜೀಯವರು ಬರದ ನಾಡಿನಲ್ಲಿ ನೆಲೆನಿಂತು ಕುಷ್ಠರೋಗಿಗಳ, ಕ್ಷಯರೋಗಿಗಳ, ಕಣ್ಣು ಕಾಣದ ಮುದುಕರ ಶುಶ್ರೂಷೆಗೆ ಆಶ್ರಮವನ್ನು ತೆರೆದಿಟ್ಟರು. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಬೆಳೆಯಿಸಿದ ಅನ್ನದ ಮತ್ತು ಅಕ್ಷರದ ದಾಸೋಹದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳು ಪಾಲುದಾರರಾದರು. ಇವರು ಯಾರೂ ರೋಗಿಯನ್ನು ನಿನ್ನ ಗ್ರಹಚಾರವೆಂದು ಹೇಳಿ ಕಳುಹಿಸಲಿಲ್ಲ.

ಈಗ ಅಧಿಕಾರಿ ಮಹಾಶಯರಿಗೆ ಎರಡು ಮಾತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಮಾಡಿರುವರಷ್ಟೆ. ಪರೀಕ್ಷೆಯ ಫಲಿತಾಂಶ ಬಂದಾಗ ಈ ಜಿಲ್ಲೆಗೆ ನೂರಕ್ಕೆ ಎಷ್ಟು, ಸ್ಥಾನವೆಷ್ಟು ಎಂದು ಎಣಿಸುವ ಇಲಾಖೆಯು, ಯಾವ ಹಳ್ಳಿಯಿಂದ ಎಷ್ಟು ಮಕ್ಕಳು ಯಾವ ಬಸ್ಸಿನಲ್ಲಿ ಬರುತ್ತಾರೆಂಬುದನ್ನು ಎಣಿಸಿ ಸಾರಿಗೆಯವರ ಮುಂದೆ ಇಟ್ಟಿದೆಯೆ? ಆ ಲೆಕ್ಕವು ಶಾಲೆಯ ಹಾಜರಿ ಪುಸ್ತಕದಲ್ಲಿಯೇ ಇದೆ. ಹೊಸ ಆಯೋಗವನ್ನು ನೇಮಿಸುವ ಅಗತ್ಯವಿಲ್ಲ. ಪಾವಗಡವು ಬಹುಪಾಲು ಆಂಧ್ರದ ಗಡಿಯಿಂದ ಸುತ್ತುವರಿಯಲ್ಪಟ್ಟ ತಾಲ್ಲೂಕು. ಇಲ್ಲಿಯ ಎಷ್ಟೋ ದಾರಿಗಳಲ್ಲಿ ಬಹುಕಾಲದಿಂದ ಖಾಸಗಿ ಬಸ್ಸುಗಳೇ ಆಧಾರ. 2023ನೆಯ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರದ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆಯಿತು, ಒಳ್ಳೆಯದೇ. ಆದರೆ ಸರಕಾರದ ಬಸ್ಸೇ ಬಾರದ ಹಳ್ಳಿಯ ಹುಡುಗಿಗೆ ಉಚಿತವಾಗಿ ದೊರೆಯುವುದು ಯಾವುದು? ಬೆಳಗಿನ ಒಂದೇ ಬಸ್ಸು ತಪ್ಪಿದರೆ ಆ ದಿನದ ಪಾಠ ತಪ್ಪಿತೆಂದು ತಿಳಿದ ಹುಡುಗನು ಏಣಿ ಹಿಡಿದು ಮೇಲೆ ಹತ್ತುತ್ತಾನೆ. ಅವನನ್ನು ಶಿಸ್ತಿಲ್ಲದವನೆಂದು ಜರೆಯುವುದು ಸುಲಭ. ಓದಬೇಕೆಂಬ ಹಂಬಲವೇ ಅವನನ್ನು ಮೇಲಕ್ಕೆ ಹತ್ತಿಸಿತೆಂದು ನಮಗೆ ತೋರುತ್ತದೆ.

ಖಾಸಗಿ ಬಸ್ಸಿನ ಮಾಲಿಕರನ್ನೆಲ್ಲ ಒಂದೇ ಏಟಿಗೆ ದೂರುವವರಲ್ಲ ನಾವು. ಸರಕಾರವು ತಿರುಗಿಯೂ ನೋಡದ ದಾರಿಗಳಲ್ಲಿ ಅವರ ಗಾಡಿಗಳೇ ಬಾಣಂತಿಯನ್ನೂ ರೋಗಿಯನ್ನೂ ಮುಟ್ಟಿಸಿವೆ. ಆದರೆ ಪರ್ಮಿಟ್ಟಿನಲ್ಲಿ ಬರೆದ ಆಸನಗಳಿಗೂ ಬಾಗಿಲಿನಲ್ಲಿ ಜೋತಾಡುವ ತಲೆಗಳಿಗೂ ಇರುವ ಅಂತರವನ್ನು ನಿತ್ಯವೂ ನೋಡಿ ಸುಮ್ಮನಿರುವ ಇನ್ಸ್ಪೆಕ್ಟರೂ, ಅದೇ ಬಸ್ಸಿನಲ್ಲಿ ಮುಂದಿನ ಆಸನದಲ್ಲಿ ಕುಳಿತು ಪತ್ರಿಕೆ ಓದುವ ನಮ್ಮಂಥವರೂ ಮಾಲಿಕನಿಗಿಂತ ಕಡಮೆ ಹೊಣೆಗಾರರೆಂದು ಹೇಳಲಾರೆವು. ದುರಂತವಾದ ವಾರದಲ್ಲಿ ತಪಾಸಣೆ ನಡೆಯುವುದು, ತಿಂಗಳಾದ ಮೇಲೆ ಸಡಿಲವಾಗುವುದು, ವರ್ಷವಾದ ಮೇಲೆ ಮರೆತುಹೋಗುವುದು, ಇದು ಎಲ್ಲೆಲ್ಲಿಯೂ ಕಂಡ ಕ್ರಮ. ಊರಿನವರ ಕಣ್ಣು ಎಚ್ಚರವಾಗಿದ್ದರೆ ಮಾತ್ರ ಕಚೇರಿಯ ಕಣ್ಣು ಎಚ್ಚರವಾಗಿರುವುದು.

ಆದುದರಿಂದ ಪಾವಗಡದ ಮಹಾಜನರಲ್ಲಿ ನಮ್ಮ ವಿಜ್ಞಾಪನೆ ಇದು. ಪ್ರತಿ ವರ್ಷ ಮಾರ್ಚಿ 19ರಂದು ಪಳವಳ್ಳಿಯ ಕಟ್ಟೆಯ ಬಳಿ ಕೂಡೋಣ. ಅರ್ಚಕರೂ ಬರಲಿ, ಮೌಲ್ವಿಗಳೂ ಬರಲಿ, ಪಾದ್ರಿಗಳೂ ಬರಲಿ. ದೀಪ ಹಚ್ಚಲಿಚ್ಛಿಸುವವರು ಹಚ್ಚಲಿ, ಸುಮ್ಮನೆ ನಿಲ್ಲಲಿಚ್ಛಿಸುವವರು ನಿಲ್ಲಲಿ. ಕಳ್ಳಂಬೆಳ್ಳದಲ್ಲಿ ಮಡಿದ ಒಂಬತ್ತು ಜನ ಪರಸ್ಥಳದವರನ್ನೂ ಅದೇ ಉಸಿರಿನಲ್ಲಿ ನೆನೆಯಲಿ. ಭಾಷಣಗಳು ಬೇಡ, ಹಾರತುರಾಯಿಗಳಂತೂ ಬೇಡವೇ ಬೇಡ. ಅಂದು ಸುತ್ತಣ ಪ್ರತಿಯೊಂದು ಗ್ರಾಮದಿಂದ ಒಬ್ಬ ಮೇಷ್ಟ್ರು ಎದ್ದುನಿಂತು, ತನ್ನ ಊರಿನಿಂದ ಓದಲು ಹೋಗುವ ಮಕ್ಕಳೆಷ್ಟು, ಬೆಳಿಗ್ಗೆ ಬರುವ ಬಸ್ಸುಗಳೆಷ್ಟು, ಅವುಗಳಲ್ಲಿ ಆಸನಗಳೆಷ್ಟು ಎಂಬುದನ್ನು ಓದಿ ಕುಳಿತುಕೊಳ್ಳಲಿ. ಡಿಪೋ ಮ್ಯಾನೇಜರೂ ಮೋಟಾರು ವಾಹನ ಇಲಾಖೆಯವರೂ ಎದುರಿಗೆ ಕುಳಿತು ಕೇಳಲಿ; ಮುಂದಿನ ವರ್ಷ ಅದೇ ಸ್ಥಳದಲ್ಲಿ ಉತ್ತರ ಹೇಳಲಿ.

ಹಾಗೆ ಸಿದ್ಧಪಡಿಸಿದ ಪಟ್ಟಿಯನ್ನು ನಾಲ್ಕು ತಾಲ್ಲೂಕುಗಳ ಯಾವ ಗ್ರಾಮದವರು ಕಳುಹಿಸಿಕೊಟ್ಟರೂ ಈ ಪುಟದಲ್ಲಿಯೇ ಅಚ್ಚುಹಾಕುವೆವು. ಕಾಗದದ ಒಂದು ಮಗ್ಗುಲಲ್ಲಿ ಮಾತ್ರ, ಬಿಡಿಬಿಡಿಯಾಗಿ, ಹೆಡ್‌ಮಾಸ್ತರ ರುಜುವಿನೊಡನೆ ಬರೆದು ಕಳುಹಿಸಬೇಕಾಗಿ ಪ್ರಾರ್ಥನೆ.